ಎಷ್ಟು ದಿನ ಮಾತ್ರೆ? ಹೇಳಬೇಕಾದವರು ವೈದ್ಯರೋ, ಸರ್ಕಾರಿ ವಕೀಲರೋ?

ಕಾಡಂಚಿನ ನಮ್ಮವರಿಗೆ ಉಣ್ಣಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ದನದ ಕಿವಿಯಲ್ಲಿ ಕಚ್ಚಿಕೊಂಡಿರುವ ಹುಳ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣಿಯಿಂದಲೇ. 2015ರಲ್ಲಿ ವಯನಾಡಿನಲ್ಲಿ ಅದಕ್ಕೆ ಜನ ಬಲಿಯಾದದ್ದು ಇನ್ನೂ ಮರೆತಿಲ್ಲ.

ಅಮೆರಿಕದಲ್ಲೂ ಉಣ್ಣಿಯಿಂದ ಬರುವ ಕಾಯಿಲೆಯೊಂದಿದೆ, ಹೆಸರು ಲೈಮ್. (ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ, ಕನೆಕ್ಟಿಕಟ್ ರಾಜ್ಯದ ಒಂದು ಊರಿನ ಹೆಸರದು.) ಮಂಗನ ಕಾಯಿಲೆ ವೈರಸ್‌ನಿಂದ ಬಂದರೆ ಲೈಮ್ ಬ್ಯಾಕ್ಟೀರಿಯಾದಿಂದ ಬರುತ್ತದೆ. ಹಾಗಾಗಿ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಎರಡು ಮೂರು ವಾರ ಮಾತ್ರೆ ನುಂಗಿದರೆ ಹೆಚ್ಚಿನವರಿಗೆ ವಾಸಿ.

ಆದರೆ ಕೆಲವರಿಗೆ ಆಮೇಲೂ ಮೈಕೈ ನೋವು, ಸುಸ್ತು ಬಿಡುವುದಿಲ್ಲ. ಅವರ ನೋವು ಸುಳ್ಳಲ್ಲ. ಇಂಥವರಿಗೆ ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ಕೊಡಬೇಕು ಎಂದು ಒಂದು ಗುಂಪಿನ ವೈದ್ಯರು ವಾದಿಸಿದರು. 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 90 ದಿನ ಔಷಧ ಪಡೆದವರಿಗೂ ಬರೀ ತೋರಿಕೆಯ ಔಷಧ ಪಡೆದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ, ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡು ದೀರ್ಘಕಾಲ ಔಷಧ ಪಡೆದ ಕೆಲವರು ನಳಿಕೆಯ ಸೋಂಕಿನಿಂದ ಸತ್ತ ವರದಿಗಳೂ ಇವೆ.

ಅಮೆರಿಕದ ಸೋಂಕುರೋಗ ತಜ್ಞರ ಸಂಘ (ಐಡಿಎಸ್‌ಎ) 2006ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ದೀರ್ಘಕಾಲದ ಔಷಧ ಬೇಡ ಎಂದಿತು. ಮಾರ್ಗಸೂಚಿ ಕಾನೂನಲ್ಲ, ಸಲಹೆ ಮಾತ್ರ. ಆದರೆ ವಿಮಾ ಕಂಪನಿಗಳು ಅದನ್ನೇ ತೋರಿಸಿ ಹಣ ಕೊಡಲು ನಿರಾಕರಿಸುತ್ತವೆ. ರೋಗಿಗಳ ಸಿಟ್ಟಿಗೆ ಕಾರಣ ಇದೇ.

ಇಲ್ಲಿ ರಾಜಕೀಯ ಬಂತು. ಕನೆಕ್ಟಿಕಟ್‌ನ ಅಟಾರ್ನಿ ಜನರಲ್ ರಿಚರ್ಡ್ ಬ್ಲುಮೆಂಥಾಲ್ ಅದೇ ವರ್ಷ ಸಂಘದ ಮೇಲೆ ತನಿಖೆ ಆರಂಭಿಸಿದರು. ನಮ್ಮ ಅಡ್ವೊಕೇಟ್ ಜನರಲ್ ನೇಮಕಗೊಂಡವರು, ಅಲ್ಲಿನ ಅಟಾರ್ನಿ ಜನರಲ್ ಪಕ್ಷದಿಂದ ನಿಂತು ಮತ ಕೇಳಿ ಗೆದ್ದು ಬರುವವರು. ಈ ವ್ಯತ್ಯಾಸ ಗಮನಿಸಬೇಕು. ಅವರು ಹಿಡಿದದ್ದು ವ್ಯಾಪಾರದಲ್ಲಿ ಏಕಸ್ವಾಮ್ಯ ತಡೆಯುವ ಕಾನೂನು! ಸಮಿತಿಯ ಕೆಲವರಿಗೆ ಕಂಪನಿಗಳೊಂದಿಗೆ ಹಣದ ನಂಟಿದೆ, ಬೇರೆ ಅಭಿಪ್ರಾಯದವರನ್ನು ಹೊರಗಿಟ್ಟರು ಎಂಬುದು ಆರೋಪ.

ನಂಟಿನ ಬಗ್ಗೆ ಪ್ರಶ್ನೆ ಕೇಳಿದ್ದು ತಪ್ಪೆಂದು ನಾನು ಹೇಳಲಾರೆ. ವೈದ್ಯರ ಸಂಘಗಳೂ ದೇವಸ್ಥಾನಗಳಲ್ಲ. ಆದರೆ ಕೇಳಿದ ರೀತಿ? ಮಾತ್ರೆ ಎಷ್ಟು ದಿನ ಎಂಬುದನ್ನು ರೋಗಿಗಳ ಮೇಲಿನ ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಸಮನ್ಸ್ ಕಳಿಸಿ ಅಲ್ಲ.

2008ರಲ್ಲಿ ರಾಜಿಯಾಯಿತು. ಸಂಘ ತಪ್ಪೊಪ್ಪಿಕೊಳ್ಳಲಿಲ್ಲ, ದಂಡವೂ ಇರಲಿಲ್ಲ. ಹಣದ ನಂಟಿಲ್ಲದ ಹೊಸ ಸಮಿತಿ ಇಡೀ ಮಾರ್ಗಸೂಚಿಯನ್ನು ಮರುಪರಿಶೀಲಿಸಬೇಕು ಎಂದು ಒಪ್ಪಂದ. 2009ರ ಜುಲೈನಲ್ಲಿ ಬಹಿರಂಗ ವಿಚಾರಣೆ ನಡೆದು, ರೋಗಿಗಳೂ ಎದುರುಪಕ್ಷದ ವೈದ್ಯರೂ ಮಾತಾಡಿದರು. 2010ರ ಏಪ್ರಿಲ್‌ನಲ್ಲಿ ವರದಿ ಬಂತು. 69 ಶಿಫಾರಸುಗಳಲ್ಲಿ ಒಂದನ್ನೂ ಬದಲಿಸಬೇಕಾಗಿಲ್ಲ ಎಂದಿತು ಸಮಿತಿ. 2020ರ ಹೊಸ ಮಾರ್ಗಸೂಚಿಯೂ ದೀರ್ಘಕಾಲದ ಔಷಧದ ವಿಷಯದಲ್ಲಿ ಅದನ್ನೇ ಹೇಳಿತು.

ಕನೆಕ್ಟಿಕಟ್ ಶಾಸನಸಭೆ ಮಾತ್ರ ಸಮಿತಿಯ ವರದಿಗೆ ಕಾಯಲಿಲ್ಲ. ಲೈಮ್‌ಗೆ ದೀರ್ಘಕಾಲ ಆ್ಯಂಟಿಬಯೋಟಿಕ್ ಬರೆದುಕೊಟ್ಟ ಕಾರಣಕ್ಕೆ ವೈದ್ಯರ ಮೇಲೆ ಶಿಸ್ತುಕ್ರಮ ಬೇಡ ಎಂಬ ಕಾನೂನನ್ನು 2009ರಲ್ಲೇ ಪಾಸು ಮಾಡಿಬಿಟ್ಟಿತ್ತು. ಬ್ಲುಮೆಂಥಾಲ್ 2011ರಲ್ಲಿ ಸೆನೆಟರ್ ಆಗಿ ವಾಷಿಂಗ್ಟನ್‌ಗೆ ಹೋದರು.