ಮಕ್ಕಳ ಹಠ, ಮನೆಯವರ ಮಾತು: ಸಂಶೋಧನೆಗಳು ತಿಳಿಸುವುದೇನು?

"ಹುಡುಗ ಹೇಳಿದ ಮಾತು ಕೇಳುವುದಿಲ್ಲ, ಯಾವುದಾದರೂ ಒಳ್ಳೆಯ ಹಾಸ್ಟೆಲ್ ಇದ್ದರೆ ತಿಳಿಸಿ." ಸಮಾಜದ ಕೆಲಸಕ್ಕಾಗಿ ರಾಜಾಜಿನಗರದ ಮನೆಗಳಿಗೆ ಹೋಗಿ ಬರುವ ನಮ್ಮಂಥ ಕಾರ್ಯಕರ್ತರಿಗೆ ಈ ಕೋರಿಕೆ ಹೊಸದಲ್ಲ. ಹಠ, ಎದುರುತ್ತರ, ಸುಳ್ಳು, ಮೊಬೈಲ್ ಕಿತ್ತುಕೊಂಡರೆ ರಂಪ – ದೂರುಗಳು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ತೊಂದರೆ ಇರುವುದು ಮಗುವಿನಲ್ಲಿ, ಅದನ್ನು ಬೇರೆ ಕಡೆ ಬಿಟ್ಟರೆ ಸರಿಹೋಗುತ್ತದೆ ಎಂದು ಹಿರಿಯರು ತಿಳಿದಿರುತ್ತಾರೆ. ಆದರೆ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಈ ವಿಷಯದಲ್ಲಿ ನಡೆದಿರುವ ಸಂಶೋಧನೆ ಬೇರೆ ಮಾತು ಹೇಳುತ್ತದೆ: ಮಗುವನ್ನು ಮಾತ್ರ ನೋಡಬೇಡಿ, ಮಗುವಿಗೂ ಮನೆಯವರಿಗೂ ನಡುವೆ ದಿನವೂ ಏನು ನಡೆಯುತ್ತಿದೆ ಎಂಬುದನ್ನು ನೋಡಿ.

ನಮ್ಮ ಬೆಂಗಳೂರಿನ ಅಧ್ಯಯನ

ನಿಮ್ಹಾನ್ಸ್‌ನ ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು ಮತ್ತು ಸುತ್ತಲಿನ ಹಳ್ಳಿಗಳಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ಆರಿಸಿ ಅಧ್ಯಯನ ನಡೆಸಿದರು. ಅದರ ವರದಿ 2005ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಶೇ. 12.5ರಷ್ಟು ಮಕ್ಕಳಲ್ಲಿ, ಅಂದರೆ ಎಂಟು ಮಕ್ಕಳಲ್ಲಿ ಒಬ್ಬರಲ್ಲಿ, ಮನಸ್ಸಿಗೆ ಅಥವಾ ನಡತೆಗೆ ಸಂಬಂಧಿಸಿದ ಯಾವುದಾದರೊಂದು ತೊಂದರೆ ಕಂಡುಬಂತು. ಹಾಸಿಗೆ ಒದ್ದೆ ಮಾಡುವುದು, ವಿಪರೀತ ಭಯ, ಅತಿಯಾದ ಚಟುವಟಿಕೆ, ಉಗ್ಗು, ಸದಾ ವಿರೋಧಿಸುವ ನಡತೆ ಇವೇ ಹೆಚ್ಚಾಗಿದ್ದವು. ಬಡಾವಣೆ, ಕೊಳೆಗೇರಿ, ಹಳ್ಳಿ ಎಂಬ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ.

ಈ ವರದಿಯಲ್ಲಿ ನಾವು ಗಮನಿಸಬೇಕಾದ ಎರಡು ಅಂಶಗಳಿವೆ. ಮಗುವಿಗೆ ಹೊಡೆತ ಬೀಳುತ್ತಿರುವುದಕ್ಕೂ, ತಂದೆ ಅಥವಾ ತಾಯಿಗೆ ಮಾನಸಿಕ ಕಾಯಿಲೆ ಇರುವುದಕ್ಕೂ ಮಕ್ಕಳ ತೊಂದರೆಯೊಂದಿಗೆ ಸ್ಪಷ್ಟ ಸಂಬಂಧ ಕಂಡಿತು. ಇನ್ನೊಂದು, ತಮ್ಮ ಮಗುವಿಗೆ ತೊಂದರೆ ಇದೆ ಎಂದು ಗುರುತಿಸಿದ ಕುಟುಂಬಗಳು ಶೇ. 37.5 ಮಾತ್ರ. ಉಳಿದವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಹಠ ಬೆಳೆಯುವ ಬಗೆ

ಮನೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರು ಅಮೆರಿಕದ ಆರೆಗಾನ್ ರಾಜ್ಯದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್. 1960ರ ದಶಕದಿಂದ ಅವರ ತಂಡದವರು ಮನೆಗಳಿಗೇ ಹೋಗಿ ಕುಳಿತು, ಯಾರು ಏನು ಹೇಳಿದರು, ಅದಕ್ಕೆ ಇನ್ನೊಬ್ಬರು ಏನು ಮಾಡಿದರು ಎಂದು ಬರೆದುಕೊಂಡರು. 1982ರಲ್ಲಿ ಇದು ಪುಸ್ತಕವಾಗಿ ಬಂತು.

ಅವರು ಕಂಡದ್ದು ಸರಳವಾಗಿದೆ. ತಾಯಿ "ಓದಲು ಕೂತ್ಕೋ" ಎನ್ನುತ್ತಾರೆ. ಮಗು ಅರಚುತ್ತದೆ. ತಾಯಿ ಸಾಕಾಗಿ ಸುಮ್ಮನಾಗುತ್ತಾರೆ, ಮಗುವೂ ಅರಚುವುದನ್ನು ನಿಲ್ಲಿಸುತ್ತದೆ. ಅರಚಿದರೆ ಓದುವುದು ತಪ್ಪುತ್ತದೆ ಎಂದು ಮಗು ಕಲಿಯಿತು. ಬಿಟ್ಟುಕೊಟ್ಟರೆ ನೆಮ್ಮದಿ ಸಿಗುತ್ತದೆ ಎಂದು ತಾಯಿ ಕಲಿತರು. ಮುಂದೊಂದು ದಿನ ತಂದೆ ಗದರಿ ಎರಡು ಏಟು ಕೊಡುತ್ತಾರೆ, ಮಗು ಸುಮ್ಮನಾಗುತ್ತದೆ. ಗದರಿದರೆ ಕೆಲಸವಾಗುತ್ತದೆ ಎಂದು ತಂದೆಯೂ ಕಲಿತರು. ಹೀಗೆ ಯಾರ ದನಿ ಹೆಚ್ಚೋ ಅವರದೇ ಗೆಲುವು ಎಂಬ ಪದ್ಧತಿ ಮನೆಯಲ್ಲಿ ನೆಲೆಯಾಗುತ್ತದೆ.

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜಗಳಕ್ಕೆ ಬಂದ ಗಿರಾಕಿಗೆ ಹೆದರಿ ಬೆಲೆ ಇಳಿಸಿದರೆ, ಮುಂದಿನ ಸಲ ಅವರು ಜಗಳದಿಂದಲೇ ವ್ಯಾಪಾರ ಶುರು ಮಾಡುತ್ತಾರೆ. ಒಂದು ದಿನ ಬಿಟ್ಟುಕೊಟ್ಟು ಇನ್ನೊಂದು ದಿನ ಬಿಗಿ ಹಿಡಿದರೆ ಹಠ ಇನ್ನೂ ಗಟ್ಟಿಯಾಗುತ್ತದೆ. ತಂದೆ ಬೇಡವೆಂದ ಮೊಬೈಲನ್ನು ಅಜ್ಜಿ ಒಳಕೋಣೆಯಲ್ಲಿ ಕೊಡುವ ಕೂಡುಕುಟುಂಬಗಳು ಇದನ್ನು ಯೋಚಿಸಬೇಕು.

ಇಲ್ಲಿ ತಾಯಿಯನ್ನು ದೂರುವ ಹಾಗಿಲ್ಲ. ಹುಟ್ಟಿನಿಂದಲೇ ಚುರುಕು ಅಥವಾ ಸಿಡುಕು ಸ್ವಭಾವದ ಮಗು ಹಿರಿಯರ ನಡತೆಯನ್ನೂ ಬದಲಿಸುತ್ತದೆ ಎಂದು ರಿಚರ್ಡ್ ಬೆಲ್ ಎಂಬ ವಿಜ್ಞಾನಿ 1968ರಲ್ಲೇ ತೋರಿಸಿಕೊಟ್ಟರು. ಪ್ರಭಾವ ಎರಡೂ ಕಡೆಯಿಂದ ಇರುತ್ತದೆ. ಆದರೆ ಮೊದಲು ಬದಲಾಗಲು ಸಾಧ್ಯವಿರುವುದು ದೊಡ್ಡವರಿಗೆ.

ಹಿರಿಯರು ಮಾಡಬಹುದಾದದ್ದು

ಈ ಸಂಶೋಧನೆಯ ಆಧಾರದ ಮೇಲೆ ಹೆತ್ತವರಿಗೆ ತರಬೇತಿ ಕೊಡುವ ಕ್ರಮ ಬೆಳೆದಿದೆ. ಅದರ ಮುಖ್ಯ ಸೂತ್ರಗಳು ಇವು:

1. ಹೇಳುವುದನ್ನು ಹತ್ತಿರ ಹೋಗಿ, ಚಿಕ್ಕದಾಗಿ, ಒಮ್ಮೆ ಹೇಳಿ. ಅಡುಗೆಮನೆಯಿಂದ ಹತ್ತು ಸಲ ಕೂಗುವುದರಿಂದ ಪ್ರಯೋಜನವಿಲ್ಲ.
2. ಮಗು ಸರಿಯಾಗಿ ನಡೆದುಕೊಂಡಾಗ ಅದೇ ಕ್ಷಣದಲ್ಲಿ ಗುರುತಿಸಿ ಎರಡು ಮಾತು ಹೇಳಿ.
3. ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿ. ಅದು ಸಣ್ಣದಿರಲಿ, ಆದರೆ ತಪ್ಪದೆ ನಡೆಯಲಿ. ಹೊಡೆಯುವುದು ಬೇಡ.
4. ತಂದೆ, ತಾಯಿ, ಅಜ್ಜ, ಅಜ್ಜಿ ಎಲ್ಲರ ಮಾತೂ ಒಂದೇ ಇರಲಿ. ಭಿನ್ನಾಭಿಪ್ರಾಯವನ್ನು ಮಗುವಿನ ಎದುರು ತೀರಿಸಿಕೊಳ್ಳಬೇಡಿ.
5. ಹಠಕ್ಕೆ ಮಣಿಯುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಹಠ ಹೆಚ್ಚಾಗಬಹುದು. ಅಲ್ಲಿ ಸೋತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹದಿಹರೆಯದವರ ವಿಷಯ ಸ್ವಲ್ಪ ಬೇರೆ. ಸ್ವೀಡನ್ನಿನಲ್ಲಿ 14 ವರ್ಷದ ಮಕ್ಕಳು ಮತ್ತು ಅವರ ಹೆತ್ತವರ ಮೇಲೆ ಸ್ಟಾಟಿನ್ ಮತ್ತು ಕೆರ್ ಎಂಬ ಇಬ್ಬರು ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಗ ಅಥವಾ ಮಗಳು ಎಲ್ಲಿ, ಯಾರ ಜೊತೆ ಇರುತ್ತಾರೆ ಎಂಬುದು ಹೆತ್ತವರಿಗೆ ಹೆಚ್ಚಾಗಿ ತಿಳಿಯುತ್ತಿದ್ದುದು ವಿಚಾರಣೆಯಿಂದಲ್ಲ, ಮಕ್ಕಳು ತಾವಾಗಿ ಹೇಳಿಕೊಂಡದ್ದರಿಂದ. ರಾತ್ರಿ ಒಂಬತ್ತೂವರೆಗೆ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದ ತಂದೆ ಮೊದಲು ಕೇಳುವುದೇ ಮಾರ್ಕ್ಸ್ ಆದರೆ, ಮಗ ತಾನಾಗಿ ಏನನ್ನೂ ಹೇಳಲಾರ. ಪ್ರಶ್ನೆಯಿಲ್ಲದ ಹತ್ತು ನಿಮಿಷ ಜೊತೆಗೆ ಕೂತು ಊಟ ಮಾಡುವುದು ಹೆಚ್ಚು ಕೆಲಸ ಮಾಡುತ್ತದೆ.

ವೈದ್ಯರ ಬಳಿ ಯಾವಾಗ?

ಮನೆಯ ಪ್ರಯತ್ನ ಎಲ್ಲಕ್ಕೂ ಸಾಲದು. ಕೆಲವು ತಿಂಗಳಾದರೂ ಸುಧಾರಣೆ ಇಲ್ಲದಿದ್ದರೆ, ಶಾಲೆಗೆ ಹೋಗುವುದೇ ನಿಂತರೆ, ನಿದ್ದೆ-ಊಟ ಕೆಟ್ಟರೆ ತಜ್ಞರನ್ನು ಕಾಣಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ, ಕುಟುಂಬಗಳಿಗೇ ಮೀಸಲಾದ ಕೇಂದ್ರವಿದೆ, 2014ರಿಂದ ಮೊಬೈಲ್-ಗೇಮ್ ಅತಿಬಳಕೆಗಾಗಿ ಷಟ್ ಕ್ಲಿನಿಕ್ ಇದೆ. ನಮ್ಮ ಕಡೆಯಿಂದ ಹಸಿರು ಮೆಟ್ರೋದಲ್ಲಿ ಲಾಲ್‌ಬಾಗ್‌ವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿಯಬಹುದು. ಮಗು ಸಾಯುವ ಮಾತಾಡಿದರೆ ಅಥವಾ ತನಗೆ ತಾನೇ ಗಾಯ ಮಾಡಿಕೊಂಡರೆ ಅದನ್ನು ಹಠ ಎಂದುಕೊಳ್ಳಬೇಡಿ. ಒಬ್ಬರನ್ನೇ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು-ರಾತ್ರಿ ಕನ್ನಡದಲ್ಲೂ ಮಾತಾಡಬಹುದು.

"ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಸಂಬಂಧ ಕೂಡಿಬರುವುದು ಕಷ್ಟ" ಎಂದು ಹಲವರು ಹಿಂಜರಿಯುತ್ತಾರೆ. ಹತ್ತು ವರ್ಷದ ಮಗುವಿನ ಮದುವೆಯ ಚಿಂತೆಯಲ್ಲಿ ಅದರ ಈ ವರ್ಷವನ್ನು ಕಳೆಯುವುದು ಬೇಡ. ಹಾಸ್ಟೆಲ್ ಹುಡುಕುವ ಮೊದಲು, ಮನೆಯವರೆಲ್ಲ ಸೇರಿ ಒಂದು ವಾರ ಈ ಐದು ಸೂತ್ರಗಳನ್ನು ಪಾಲಿಸಿ ನೋಡಿ.