88×31: ಪುಟ್ಟ ಚಿತ್ರದ ಲೆಕ್ಕಾಚಾರ

1990ರ ದಶಕದ ಕೊನೆಯಲ್ಲಿ ಜನ ತಾವೇ ಕಟ್ಟಿಕೊಂಡ ಜಾಲತಾಣಗಳ ತುಂಬ ಪುಟಾಣಿ ಚಿತ್ರಗಳಿದ್ದವು. ತಿರುಗುವ ಭೂಗೋಳ, ಉರಿಯುವ ಪಂಜು, 'ಕಾಮಗಾರಿ ನಡೆಯುತ್ತಿದೆ' ಎಂದು ಸಾರುವ ಹಳದಿ-ಕಪ್ಪು ಪಟ್ಟಿ, ಪುಟದ ಅಡಿಯಲ್ಲಿ ಸಾಲುಗಟ್ಟಿದ ಬಟನ್‌ಗಳು. ಆ ಬಟನ್‌ಗಳಲ್ಲಿ ಬಹಳಷ್ಟರ ಅಳತೆ ಒಂದೇ: 88 ಪಿಕ್ಸೆಲ್ ಅಗಲ, 31 ಪಿಕ್ಸೆಲ್ ಎತ್ತರ. ಇವನ್ನು ಬರೀ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಇವುಗಳ ರೂಪವನ್ನು ತೀರ್ಮಾನಿಸಿದ್ದು ಅಂದಿನ ಟೆಲಿಫೋನ್ ತಂತಿಯ ಮಿತಿ ಮತ್ತು ಆ ಮಿತಿಯೊಳಗೆ ಕೆಲಸ ಸಾಧಿಸಿದ ಗಣಿತ.

28.8 ಕಿಲೋಬಿಟ್ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 3,600 ಬೈಟ್ ತರುತ್ತಿತ್ತು. ಬಟನ್ನಿನಲ್ಲಿರುವುದು 2,728 ಪಿಕ್ಸೆಲ್. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿಗೆಂದು ಮೂರು ಬೈಟ್ ಕೊಟ್ಟರೆ 8,184 ಬೈಟ್ ಆಗುತ್ತದೆ. ಅಂದರೆ ಒಂದೇ ಬಟನ್ನಿಗೆ ಎರಡು ಸೆಕೆಂಡಿಗೂ ಹೆಚ್ಚು ಕಾಯಬೇಕು.

ಇದಕ್ಕೆ ಪರಿಹಾರ ಮೊದಲೇ ಸಿದ್ಧವಾಗಿತ್ತು. ಅಮೆರಿಕದ ಕಾಂಪ್ಯುಸರ್ವ್ ಕಂಪನಿಯಲ್ಲಿ ಸ್ಟೀವ್ ವಿಲ್ಹೈಟ್ ಮತ್ತು ಸಂಗಡಿಗರು 1987ರಲ್ಲೇ ಜಿಫ್ ಎಂಬ ಚಿತ್ರ ಮಾದರಿಯನ್ನು ರೂಪಿಸಿದ್ದರು. ಅದರಲ್ಲಿ ಹೆಚ್ಚೆಂದರೆ 256 ಬಣ್ಣಗಳ ಪಟ್ಟಿ ಇರುತ್ತದೆ. ಪಿಕ್ಸೆಲ್ ತನ್ನ ಬಣ್ಣದ ಕ್ರಮಸಂಖ್ಯೆಯನ್ನಷ್ಟೇ ಹೇಳಿದರೆ ಸಾಕು. 16 ಬಣ್ಣ ಬಳಸಿದರೆ ಪಟ್ಟಿಗೆ 48 ಬೈಟ್, ಪಿಕ್ಸೆಲ್‌ಗಳಿಗೆ 1,364 ಬೈಟ್.

ಅದನ್ನೂ ಕುಗ್ಗಿಸಲು ಜಿಫ್ ಬಳಸುವುದು ಲೆಂಪೆಲ್, ಜಿವ್ ಮತ್ತು ವೆಲ್ಚ್ ಎಂಬ ಮೂವರ ಹೆಸರಿನ ವಿಧಾನವನ್ನು. 88 ಬಿಳಿ ಪಿಕ್ಸೆಲ್‌ಗಳ ಒಂದು ಸಾಲು ಬಂತೆನ್ನಿ. ಮೊದಲ ಸಂಕೇತ ಒಂದು ಪಿಕ್ಸೆಲ್ಲಿನದು. ಅಷ್ಟರಲ್ಲಿ 'ಎರಡು ಬಿಳಿ' ಎಂಬುದಕ್ಕೊಂದು ಹೊಸ ಸಂಕೇತ ಹುಟ್ಟಿರುತ್ತದೆ. ಅದನ್ನು ಬಳಸುತ್ತಿದ್ದಂತೆ 'ಮೂರು ಬಿಳಿ' ಹುಟ್ಟುತ್ತದೆ. ಹೀಗೆ 12 ಸಂಕೇತಗಳಲ್ಲಿ 78 ಪಿಕ್ಸೆಲ್ ಮುಗಿದು, ಉಳಿದ ಹತ್ತಕ್ಕೆ ಇನ್ನೊಂದೇ ಸಂಕೇತ ಸಾಕಾಗುತ್ತದೆ. ಇಡೀ ಬಟನ್ ಒಂದೇ ಬಣ್ಣದ್ದಾದರೆ 2,728 ಪಿಕ್ಸೆಲ್‌ಗಳಿಗೆ 74 ಸಂಕೇತ ಸಾಕು. ಚಿತ್ರ ಬಿಡಿಸುವ ಕಂಪ್ಯೂಟರ್ ಸಹ ಇದೇ ಕ್ರಮದಲ್ಲಿ ಸಂಕೇತಗಳನ್ನು ತಾನೇ ಕಟ್ಟಿಕೊಳ್ಳುವುದರಿಂದ ಆ ಸಂಕೇತಗಳ ಪಟ್ಟಿಯನ್ನು ಕಳಿಸುವ ಅಗತ್ಯವೂ ಇಲ್ಲ.

ಆ ಚಿತ್ರಗಳಲ್ಲಿ ಒಂದೇ ಬಣ್ಣದ ಅಗಲವಾದ ಹರವು ಎದ್ದುಕಾಣುವುದು ಇದರಿಂದಲೇ. ಬಣ್ಣ ಪದೇ ಪದೇ ಬದಲಾದಷ್ಟೂ ಫೈಲ್ ಹಿಗ್ಗುತ್ತದೆ. 1989ರ ಪರಿಷ್ಕರಣೆಯಲ್ಲಿ ಪಾರದರ್ಶಕತೆ ಬಂತು. ಆದರೆ ಪಿಕ್ಸೆಲ್ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮರೆಯಾಗಬೇಕು, ಅರೆಪಾರದರ್ಶಕತೆಗೆ ಅವಕಾಶವಿರಲಿಲ್ಲ. ಅಂಚುಗಳು ಗರಗಸದಂತೆ ಕಾಣುವುದಕ್ಕೆ ಅದೇ ಕಾರಣ. ಚಲಿಸುವ ಚಿತ್ರಗಳಲ್ಲಿ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಹೋಗುವ ಮುನ್ನ ಎಷ್ಟು ಕಾಯಬೇಕೆಂಬುದನ್ನು ಸೆಕೆಂಡಿನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ ಬರೆಯುವ ಸೌಲಭ್ಯವೂ ಆಗಲೇ ಬಂತು. ಚಲನೆ ಕೊನೆಯಿಲ್ಲದೆ ಮರುಕಳಿಸುವಂತೆ ಮಾಡಿದ್ದು ನೆಟ್‌ಸ್ಕೇಪ್ 2.0 ಬ್ರೌಸರ್. ಆ ಬ್ರೌಸರ್ ಕಾಲವಾಗಿ ಎಷ್ಟೋ ವರ್ಷವಾದರೂ, ಇಂದು ನಾವು ಕಳಿಸುವ ಮರುಕಳಿಸುವ ಜಿಫ್‌ಗಳ ಒಳಗೆ ಸಾಮಾನ್ಯವಾಗಿ ಅದರ ಹೆಸರು ಅಕ್ಷರಶಃ ಇದ್ದೇ ಇರುತ್ತದೆ.

ಇಂಥ ಚಿತ್ರಗಳ ಅತಿ ದೊಡ್ಡ ತವರು, ಜನ ತಮ್ಮ ಪುಟಗಳನ್ನು ಕಟ್ಟಿಕೊಳ್ಳಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್ ಎಂಬ ತಾಣ. 1999ರಲ್ಲಿ ಅದನ್ನು ಕೊಂಡ ಯಾಹೂ 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ತಾಣವನ್ನು ಮುಚ್ಚಿತು. ಆರ್ಕೈವ್ ಟೀಮ್‌ನ ಸ್ವಯಂಸೇವಕರು ಮತ್ತು ಇಂಟರ್ನೆಟ್ ಆರ್ಕೈವ್ ಮುಂದಾಗಿ ಪ್ರತಿ ಮಾಡಿಕೊಂಡದ್ದರಿಂದ ಒಂದಿಷ್ಟು ಉಳಿಯಿತು. ಸಾಮಾನ್ಯ ಜನ ಡಿಜಿಟಲ್ ಲೋಕದಲ್ಲಿ ತಮ್ಮ ಅಂಗಳವನ್ನು ಹೇಗೆ ಸಿಂಗರಿಸಿಕೊಂಡರು ಎಂಬುದಕ್ಕೆ ಇವೇ ದಾಖಲೆ. ನಿಮ್ಮ ಹಳೆಯ ಸಿ.ಡಿ.ಯಲ್ಲೋ ಹಾರ್ಡ್‌ಡಿಸ್ಕ್‌ನಲ್ಲೋ ಅಂಥ ಪುಟಗಳಿದ್ದರೆ ಚಿತ್ರಗಳ ಸಮೇತ ಪ್ರತಿ ಮಾಡಿ ಕಾಪಾಡಿ. ಜಿಫ್ ಫೈಲ್ ಇಂದಿನ ಬ್ರೌಸರ್‌ನಲ್ಲೂ ಯಾವ ಬದಲಾವಣೆಯೂ ಬೇಡದೆ ತೆರೆದುಕೊಳ್ಳುತ್ತದೆ.