ಮಗ್ಗದಂತೆ ಬಾಳಿಕೆ ಬರುವ ಕ್ಯಾಮೆರಾ ಬೇಕು

ಮುಂದಿನ ವೃತ್ತಿಪರ ಡಿಜಿಟಲ್ ಕ್ಯಾಮೆರಾ ಹೇಗಿರಬೇಕು ಎಂಬ ಚರ್ಚೆ ಜಗತ್ತಿನ ದೊಡ್ಡ ನಗರಗಳಲ್ಲಿ ಸದಾ ನಡೆಯುತ್ತಿರುತ್ತದೆ. ಇನ್ನಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಇನ್ನಷ್ಟು ಚಿತ್ರ, ಇನ್ನಷ್ಟು ಸ್ಪಷ್ಟ ವಿಡಿಯೊ ಎಂಬಲ್ಲಿಗೆ ಅದು ಸಾಮಾನ್ಯವಾಗಿ ಮುಗಿಯುತ್ತದೆ. ಇದೇ ಪ್ರಶ್ನೆಯನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕ್ಯಾಮೆರಾವನ್ನೇ ನಂಬಿ ಸಂಸಾರ ಸಾಗಿಸುವವರ ಕಡೆಯಿಂದ ನೋಡಿದರೆ ಉತ್ತರವೇ ಬೇರೆಯಾಗುತ್ತದೆ. ಇವರ ಪಾಲಿಗೆ ಕ್ಯಾಮೆರಾ ಹವ್ಯಾಸದ ವಸ್ತುವಲ್ಲ. ರಬಕವಿಯ ನೇಕಾರನಿಗೆ ಮಗ್ಗವಿದ್ದಂತೆ, ಸಾಲ ಮಾಡಿ ತಂದು ದುಡಿಸಿ ಸಾಲ ತೀರಿಸಬೇಕಾದ ಬಂಡವಾಳ. ಕ್ಯಾಮೆರಾ ತಯಾರಿಸುವವರೂ ಅದಕ್ಕೆ ತೆರಿಗೆ ಹಾಕುವವರೂ ಈ ಸರಳ ಸತ್ಯವನ್ನು ಗಮನಕ್ಕೆ ತಂದುಕೊಂಡಂತಿಲ್ಲ.

ಕಳೆದ ಕಾಲು ಶತಮಾನದ ಪ್ರಗತಿ ಬೆರಗು ಹುಟ್ಟಿಸುವಂಥದ್ದು ಎಂಬುದರಲ್ಲಿ ಎರಡು ಮಾತಿಲ್ಲ. 1999ರಲ್ಲಿ ಬಂದ ನಿಕಾನ್ ಡಿ1 ಕ್ಯಾಮೆರಾದ ಸಾಮರ್ಥ್ಯ 2.7 ಮೆಗಾಪಿಕ್ಸೆಲ್. ಅದೇ ಕಂಪನಿಯ 2021ರ ಝಡ್9 ಕ್ಯಾಮೆರಾದ್ದು 45.7. ಝಡ್9ರಲ್ಲಿ ಕನ್ನಡಿಯೂ ಇಲ್ಲ, ಯಾಂತ್ರಿಕ ಶಟರ್ ಕೂಡ ಇಲ್ಲ. ಕೆನಾನ್ ಕಂಪನಿ 2020ರಲ್ಲಿ ತಂದ 1ಡಿ ಎಕ್ಸ್ ಮಾರ್ಕ್ 3 ತನ್ನ ಅಗ್ರಶ್ರೇಣಿಯ ಕೊನೆಯ ಡಿಎಸ್‌ಎಲ್‌ಆರ್ ಎಂದು ಮರುವರ್ಷವೇ ತಿಳಿಸಿತು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳದೇ ಇನ್ನು ಮುಂದಿನ ಕಾಲ.

ಆದರೆ ಈ ಬದಲಾವಣೆಯ ವೆಚ್ಚವನ್ನು ಹೊತ್ತವರು ಯಾರು? ಹೊಸ ಕ್ಯಾಮೆರಾಗಳಿಗಾಗಿ ಕೆನಾನ್ ಮತ್ತು ನಿಕಾನ್ ಎರಡೂ 2018ರಲ್ಲಿ ಲೆನ್ಸ್ ಕೂಡಿಸುವ ಬಾಯನ್ನೇ ಬದಲಿಸಿದವು. ಹಳೆಯ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಬಹುದು, ನಿಜ. ಆದರೆ ಒಳಗೆ ಮೋಟಾರ್ ಇಲ್ಲದ ನಿಕಾನ್‌ನ ಹಳೆಯ ಲೆನ್ಸ್‌ಗಳು ಕಂಪನಿಯ ಅಡಾಪ್ಟರ್‌ನಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ. ಮಹಾನಗರದ ದೊಡ್ಡ ಸಂಸ್ಥೆಗೆ ಇದು ಒಂದು ವರ್ಷದ ಖರ್ಚು. ಮದುವೆ, ಕುಬಸ, ಜವಳ, ಗೃಹಪ್ರವೇಶ ಮತ್ತು ಊರ ಜಾತ್ರೆಗಳನ್ನು ನಂಬಿದ ಸಣ್ಣ ಸ್ಟುಡಿಯೊಗೆ ಹಲವು ವರ್ಷಗಳ ಉಳಿತಾಯ.

ಹಾಗಾದರೆ ಇವರಿಗೆ ಬೇಕಾದುದೇನು? ಮೊದಲನೆಯದು ಬಿಸಿಲನ್ನು ತಾಳುವ ಯಂತ್ರ. ಬಹುಪಾಲು ಕ್ಯಾಮೆರಾಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ, ಅವು ಗರಿಷ್ಠ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವಂತೆ ರೂಪಿಸಲಾಗಿದೆ ಎಂಬ ಒಂದು ಸಾಲು ಇರುತ್ತದೆ. ಕೃಷ್ಣಾ, ಘಟಪ್ರಭಾ ತೀರದ ಈ ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಆ ಗೆರೆಯನ್ನು ದಾಟುವುದು ಹೊಸದೇನಲ್ಲ. ಮದುವೆಗಳ ಹಂಗಾಮೂ ಅದೇ. ತಗಡಿನ ಚಪ್ಪರದ ಕೆಳಗೆ, ವಿದ್ಯುದ್ದೀಪಗಳ ಎದುರು, ಜನರ ನಡುವೆ ಬಿಸಿ ಇನ್ನೂ ಹೆಚ್ಚು. ಎಂದರೆ ದುಡಿಮೆಯ ಮುಖ್ಯ ಎರಡು ತಿಂಗಳು ಕಂಪನಿಯ ಭರವಸೆಯ ಆಚೆಗೇ ಬೀಳುತ್ತವೆ. 2020ರಲ್ಲಿ ಬಂದ ಕೆನಾನ್ ಆರ್5 ಅತ್ಯುನ್ನತ ಗುಣಮಟ್ಟದ 8ಕೆ ವಿಡಿಯೊ ತೆಗೆಯಬಲ್ಲದಾಗಿತ್ತು. ಆದರೆ ಕಾಯುವ ಮೊದಲು ಅದು ಸುಮಾರು 20 ನಿಮಿಷ ಮಾತ್ರ ನಡೆಯುವುದೆಂದು ಕಂಪನಿಯೇ ಹೇಳಿತ್ತು. ಆ ಲೆಕ್ಕವೂ 23 ಡಿಗ್ರಿ ಉಷ್ಣಾಂಶದಲ್ಲಿ ಮಾಡಿದ್ದು! ಅಕ್ಷತೆ ಬೀಳುವ ಹೊತ್ತಿಗೆ ಯಂತ್ರ ನಿಂತರೆ ವಧೂವರರನ್ನು ಮತ್ತೊಮ್ಮೆ ಮದುವೆಯಾಗಿ ಎಂದು ಕೇಳಲು ಬರುತ್ತದೆಯೇ?

ಎರಡನೆಯದು ಧೂಳಿನಿಂದ ರಕ್ಷಣೆ. ಮಗ್ಗದ ಮನೆಗಳಲ್ಲಿ ನೂಲಿನಿಂದ ಏಳುವ ಅರಳೆಯ ಎಳೆ, ಹೊಲದಲ್ಲಿ ಕಬ್ಬಿನ ರವದಿ ಸುಟ್ಟ ಕರಿ, ಜಾತ್ರೆಯಲ್ಲಿ ಮುಗಿಲಿಗೆ ತೂರುವ ಭಂಡಾರ, ಇವೆಲ್ಲ ಇಲ್ಲಿನ ಛಾಯಾಗ್ರಾಹಕ ದಿನವೂ ಎದುರಿಸುವ ಸಂಗತಿಗಳು. ಕನ್ನಡಿ ಹೋದ ಮೇಲೆ, ಲೆನ್ಸ್ ಬದಲಿಸುವಾಗ ಬೆಳಕು ಗ್ರಹಿಸುವ ಸಂವೇದಕವೇ ನೇರವಾಗಿ ಗಾಳಿಗೆ ತೆರೆದುಕೊಳ್ಳುವ ಪ್ರಮೇಯ ಬಂತು. ಕೆನಾನ್ 2018ರಲ್ಲಿ ತಂದ ಇಒಎಸ್ ಆರ್ ಕ್ಯಾಮೆರಾದಲ್ಲಿ ಸ್ವಿಚ್ ಆರಿಸಿದೊಡನೆ ಶಟರ್ ಮುಚ್ಚಿಕೊಳ್ಳುವ ಏರ್ಪಾಡು ಇತ್ತು. ನಿಕಾನ್ ಝಡ್9ರಲ್ಲಿ ಅದಕ್ಕೆಂದೇ ಒಂದು ರಕ್ಷಾಕವಚ ಇದೆ. ಇಂಥ ಸರಳ ಉಪಾಯಗಳು ದುಬಾರಿ ಮಾದರಿಗಳಿಗೆ ಮೀಸಲಾಗದೆ ವೃತ್ತಿಗೆಂದು ಮಾರುವ ಪ್ರತಿಯೊಂದು ಕ್ಯಾಮೆರಾದಲ್ಲೂ ಇರಬೇಕು.

ಮೂರನೆಯ ಬೇಡಿಕೆ ಈ ನಾಡಿನ ಕಸುಬಿನಿಂದಲೇ ಹುಟ್ಟಿದ್ದು. ರಬಕವಿ-ಬನಹಟ್ಟಿಯ ಸೀರೆಗಳನ್ನು ಇಂದು ಕೊಳ್ಳುವವರು ಮೊದಲು ಫೋನಿನಲ್ಲಿ ಅವುಗಳ ಚಿತ್ರ ನೋಡುತ್ತಾರೆ. ಆದರೆ ನವಿರಾದ ನೇಯ್ಗೆಯ ಚಿತ್ರ ತೆಗೆಯುವುದು ಸುಲಭವಲ್ಲ. ಹಾಸು ಹೊಕ್ಕುಗಳ ಎಳೆಗಳು ಒಂದು ಜಾಲ. ಸಂವೇದಕದ ಮೇಲಿನ ಬಿಂದುಗಳು ಇನ್ನೊಂದು ಜಾಲ. ಇವೆರಡೂ ಒಂದರ ಮೇಲೊಂದು ಬಿದ್ದಾಗ ಸೀರೆಯಲ್ಲಿ ಇಲ್ಲದ ಅಲೆಗಳು, ಕೆಲವೊಮ್ಮೆ ಇಲ್ಲದ ಬಣ್ಣಗಳೂ ಚಿತ್ರದಲ್ಲಿ ಮೂಡುತ್ತವೆ. ಇದಕ್ಕೆ ಮೋರೇ ಎಂದು ಹೆಸರು. ಮೊದಲು ಇದನ್ನು ತಡೆಯುವ ಶೋಧಕ ಪದರವೊಂದು ಸಂವೇದಕದ ಮುಂದೆ ಇರುತ್ತಿತ್ತು. 2012ರಲ್ಲಿ ನಿಕಾನ್ ಡಿ800 ಮಾದರಿಯನ್ನು ಈ ಪದರದೊಂದಿಗೂ, ಅದರ ಪರಿಣಾಮವನ್ನು ತೆಗೆದುಹಾಕಿದ ಡಿ800ಇ ಮಾದರಿಯನ್ನು ಬೇರೆಯಾಗಿಯೂ ಮಾರಿತು. ಆಯ್ಕೆ ಗಿರಾಕಿಯದಾಗಿತ್ತು. ಇನ್ನಷ್ಟು ತೀಕ್ಷ್ಣತೆಯ ಬೆನ್ನು ಹತ್ತಿ ಅನೇಕ ಕ್ಯಾಮೆರಾಗಳು ಆ ಪದರವನ್ನೇ ಕೈಬಿಟ್ಟವು. ಬೆಟ್ಟಗುಡ್ಡಗಳ ಚಿತ್ರ ತೆಗೆಯುವವನಿಗೆ ಅದು ಲಾಭ. ಬಟ್ಟೆಯ ಚಿತ್ರ ತೆಗೆಯುವವನಿಗೆ ನಷ್ಟ. ಕಡುಕೆಂಪು ಸೆರಗಿನ ಬಣ್ಣ ಪರದೆಯ ಮೇಲೆ ಬೇರೆಯಾಗಿ ಕಂಡರೆ ಸೀರೆ ಮರಳಿ ನೇಕಾರನ ಮನೆಗೆ ಬರುತ್ತದೆ. ಆದ್ದರಿಂದ ಮೆಗಾಪಿಕ್ಸೆಲ್ ಲೆಕ್ಕಕ್ಕಿಂತ ಬಣ್ಣದ ಪ್ರಾಮಾಣಿಕತೆ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಹೊಸತೆಲ್ಲವೂ ಬೇಡ ಎಂದು ಇದರ ಅರ್ಥವಲ್ಲ. ಕಲ್ಯಾಣ ಮಂಟಪದ ವೇದಿಕೆಗಳಲ್ಲಿ ಈಗ ಎಲ್‌ಇಡಿ ದೀಪಗಳದೇ ರಾಜ್ಯ. ಅವುಗಳಲ್ಲಿ ಅನೇಕವು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಟುಕುತ್ತಿರುತ್ತವೆ. ಸಂವೇದಕ ತನ್ನ ಸಾಲುಗಳನ್ನು ಒಂದಾದ ಮೇಲೊಂದರಂತೆ ಓದುವ ಕ್ಯಾಮೆರಾದಲ್ಲಿ ಇದರಿಂದ ಕಪ್ಪು ಪಟ್ಟಿಗಳು ಮೂಡುತ್ತವೆ. ಎಲ್ಲ ಸಾಲುಗಳನ್ನೂ ಒಮ್ಮೆಗೇ ಓದುವ ಗ್ಲೋಬಲ್ ಶಟರ್ ವ್ಯವಸ್ಥೆಯನ್ನು ಸೋನಿ ಕಂಪನಿ 2023ರ ನವೆಂಬರ್‌ನಲ್ಲಿ ಪ್ರಕಟಿಸಿದ ಎ9-3 ಕ್ಯಾಮೆರಾದಲ್ಲಿ ಅಳವಡಿಸಿದೆ. ಸೆಕೆಂಡಿಗೆ 120 ಚಿತ್ರ ತೆಗೆಯುವ ಅದರ ವೇಗ ಕ್ರೀಡಾಂಗಣಕ್ಕೆ ಬೇಕಾದೀತು. ನಮ್ಮ ಮಂಟಪಗಳಿಗೆ ಬೇಕಾದುದು ಪಟ್ಟಿಯಿಲ್ಲದ ಒಂದೇ ಒಂದು ಚಿತ್ರ. ಪ್ರಾಣಿಗಳ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಹಿಡಿಯುವ ತಂತ್ರ 2019ರಿಂದ ಬಳಕೆಯಲ್ಲಿದೆ. ಓಡುವ ಮುಧೋಳ ನಾಯಿಯ ಚಿತ್ರ ತೆಗೆಯಲು ಹೆಣಗಿದ ಯಾರೂ ಅದನ್ನು ಬೇಡವೆನ್ನಲಾರರು.

ಕೇಳಿದ್ದನ್ನು ಕಂಪನಿಗಳು ಕೊಡುತ್ತವೆಯೇ ಎಂಬ ಅನುಮಾನ ಸಹಜ. ಒಂದು ನಿದರ್ಶನ ನೋಡಬಹುದು. 2018ರಲ್ಲಿ ನಿಕಾನ್ ತನ್ನ ಮೊದಲ ಝಡ್6, ಝಡ್7 ಕ್ಯಾಮೆರಾಗಳಲ್ಲಿ ಒಂದೇ ಮೆಮೊರಿ ಕಾರ್ಡಿಗೆ ಜಾಗ ಕೊಟ್ಟಿತು. ಒಂದು ಕಾರ್ಡ್ ಕೆಟ್ಟರೆ ಇಡೀ ಮದುವೆಯೇ ಮಣ್ಣುಪಾಲು ಎಂದು ಮದುವೆ ಛಾಯಾಗ್ರಾಹಕರು ಜಗತ್ತಿನಾದ್ಯಂತ ಆಕ್ಷೇಪಿಸಿದರು. 2020ರಲ್ಲಿ ಬಂದ ಅವುಗಳ ಮುಂದಿನ ಆವೃತ್ತಿಗಳಲ್ಲಿ ಎರಡು ಕಾರ್ಡುಗಳಿಗೆ ಜಾಗವಿತ್ತು. ದನಿ ಎತ್ತಿದರೆ ಕೇಳುವವರಿದ್ದಾರೆ. ನಮ್ಮ ಕಡೆಯ ದನಿ ಅಲ್ಲಿಗೆ ಮುಟ್ಟಿಲ್ಲ, ಅಷ್ಟೆ.

ಮುಟ್ಟಿಲ್ಲ ಎಂಬುದಕ್ಕೆ ಕ್ಯಾಮೆರಾದ ಒಳಗೇ ಸಾಕ್ಷಿಯಿದೆ. 2014ರ ನಿಕಾನ್ ಡಿ750 ಕ್ಯಾಮೆರಾದ ಭಾಷಾಪಟ್ಟಿಯಲ್ಲಿ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಮರಾಠಿ ಸಂಸ್ಥಾನಿಕರ ಆಳ್ವಿಕೆ ಕಂಡ ಜಮಖಂಡಿ, ಮುಧೋಳಗಳು 1956ರಲ್ಲಿ ಕನ್ನಡ ರಾಜ್ಯ ಸೇರಿದವು. ಅಲ್ಲಿನ ಕನ್ನಡಿಗ ಛಾಯಾಗ್ರಾಹಕ ತನ್ನ ಯಂತ್ರದ ಆಜ್ಞೆಗಳನ್ನು ಇಂಗ್ಲಿಷಿನಲ್ಲೋ ಪಕ್ಕದ ರಾಜ್ಯದ ನುಡಿಯಲ್ಲೋ ಓದಬೇಕೆಂಬುದು ನ್ಯಾಯವಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇಂಥ ಬೇಡಿಕೆಯನ್ನು ಕಂಪನಿಗಳ ಮುಂದಿಡುವುದು ಕಷ್ಟದ ಕೆಲಸವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ದುರಸ್ತಿ. ಮಗ್ಗ ಕೆಟ್ಟರೆ ಊರಿನ ಮೆಕ್ಯಾನಿಕ್ ಬರುತ್ತಾನೆ; ಬಿಡಿಭಾಗ ಪೇಟೆಯಲ್ಲೇ ಸಿಗುತ್ತದೆ; ಸಂಜೆಯ ಹೊತ್ತಿಗೆ ಲಾಳಿ ಮತ್ತೆ ಓಡಾಡುತ್ತದೆ. ಆ ಕಾರಣಕ್ಕೇ ಒಂದು ಮಗ್ಗ ದಶಕಗಳ ಕಾಲ ಅನ್ನ ಕೊಡುತ್ತದೆ. ಕ್ಯಾಮೆರಾ ಕೆಟ್ಟರೆ ಕೊರಿಯರ್‌ನಲ್ಲಿ ದೂರದ ನಗರಕ್ಕೆ ಕಳುಹಿಸಿ ಕಾಯಬೇಕು. ಹಂಗಾಮಿನ ನಡುವೆ ಎರಡು ವಾರ ಕಾಯುವುದೆಂದರೆ ಮುಂಗಡ ಪಡೆದ ಕೆಲಸಗಳನ್ನು ಬಿಟ್ಟುಕೊಡುವುದು, ಇಲ್ಲವೇ ಬಾಡಿಗೆ ಯಂತ್ರ ತರುವುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿತು. ಸಮಿತಿ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಪರದೆ, ಗೃಹೋಪಯೋಗಿ ವಸ್ತು ಹಾಗೂ ವಾಹನ ಕ್ಷೇತ್ರಗಳನ್ನು. ವೃತ್ತಿಪರ ಕ್ಯಾಮೆರಾಗಳನ್ನೂ ಈ ವ್ಯಾಪ್ತಿಗೆ ಸ್ಪಷ್ಟವಾಗಿ ತರಬೇಕು. ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ ಎಂಬುದನ್ನು ಕ್ಯಾಮೆರಾದ ಪೆಟ್ಟಿಗೆಯ ಮೇಲೆಯೇ ಮುದ್ರಿಸುವ ನಿಯಮ ಬೇಕು.

ತೆರಿಗೆಯ ವಿಷಯದಲ್ಲೂ ಇದೇ ದೃಷ್ಟಿ ಬೇಕು. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇದು ಸ್ವಾಗತಾರ್ಹವೇ. ಆದರೆ ನೋಂದಾಯಿತ ದೊಡ್ಡ ಸಂಸ್ಥೆ ತಾನು ಕೊಟ್ಟ ಈ ತೆರಿಗೆಯನ್ನು ತನ್ನ ಸೇವೆಯ ಮೇಲಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತದೆ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ, ನೋಂದಣಿಯ ಅಗತ್ಯವಿಲ್ಲದ ಸಣ್ಣ ಸ್ಟುಡಿಯೊಗೆ ಆ ಅವಕಾಶವಿಲ್ಲ. ಪೂರ್ತಿ ತೆರಿಗೆ ಅದರ ಬಂಡವಾಳ ವೆಚ್ಚವಾಗಿಯೇ ಉಳಿಯುತ್ತದೆ. ಒಂದೇ ಕ್ಯಾಮೆರಾ ಸಣ್ಣವನಿಗೆ ದುಬಾರಿ, ದೊಡ್ಡವನಿಗೆ ಅಗ್ಗ ಎಂಬ ಈ ವಿಪರ್ಯಾಸವನ್ನು ಜಿಎಸ್‌ಟಿ ಮಂಡಳಿ ಗಮನಿಸಬೇಕು. ಮುದ್ರಾ ಸಾಲ ಕೊಡುವ ಬ್ಯಾಂಕುಗಳೂ ಸಾಲದ ಅವಧಿಯನ್ನು ಕ್ಯಾಮೆರಾ ನಿಜಕ್ಕೂ ದುಡಿಯುವ ವರ್ಷಗಳಿಗೆ ಹೊಂದಿಸುವುದು ಲೇಸು.

ಕೊನೆಯದಾಗಿ, ಆಡಳಿತದಲ್ಲಿ ವರ್ಷಗಳನ್ನು ಕಳೆದವನಾಗಿ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿದಾಗ ಮನೆ ಕಳೆದುಕೊಂಡವನ ಕೈಯಲ್ಲಿ ಉಳಿಯಬಹುದಾದ ಪುರಾವೆ ಎಂದರೆ ಬಿದ್ದ ಗೋಡೆಯ ಒಂದು ಚಿತ್ರ. ಕೃತಕ ಬುದ್ಧಿಮತ್ತೆ ಎಂಥ ಚಿತ್ರವನ್ನಾದರೂ ಕ್ಷಣದಲ್ಲಿ ಹುಟ್ಟಿಸುವ ಈ ದಿನಗಳಲ್ಲಿ ನಿಜವಾದ ಚಿತ್ರವೂ ಅನುಮಾನಕ್ಕೆ ಗುರಿಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ, ಡಿಜಿಟಲ್ ದಾಖಲೆಯ ಬೆರಳಚ್ಚು ಎನ್ನಬಹುದಾದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಚಿತ್ರ ತೆಗೆದ ಕ್ಷಣದಲ್ಲೇ ಅದರ ಮೂಲವನ್ನು ಮುದ್ರೆಯೊತ್ತಿ ದಾಖಲಿಸುವ ಕ್ಯಾಮೆರಾವನ್ನು ಲೈಕಾ ಕಂಪನಿ 2023ರಲ್ಲೇ ಎಂ11-ಪಿ ಹೆಸರಿನಲ್ಲಿ ತಂದಿದೆ. ಅದು ಶ್ರೀಮಂತರ ಕ್ಯಾಮೆರಾ. ಆದರೆ ಆ ಸೌಲಭ್ಯ ಹೆಚ್ಚು ಬೇಕಾಗಿರುವುದು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಸಂತ್ರಸ್ತನಿಗೆ ಮತ್ತು ಅವನಿಗಾಗಿ ಚಿತ್ರ ತೆಗೆದ ಊರಿನ ಛಾಯಾಗ್ರಾಹಕನಿಗೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ನಮ್ಮಲ್ಲಿದೆ. ತಯಾರಕರು ವೇಗದ ಕಡೆಗೆ, ದುಡಿಯುವವರು ಬಾಳಿಕೆಯ ಕಡೆಗೆ ಎಳೆಯುತ್ತಿರುವ ಈ ಸ್ಥಿತಿಯಲ್ಲಿ ಬಂಡಿ ಮುಂದೆ ಸಾಗದು. ಜಿಲ್ಲೆಯ ಛಾಯಾಗ್ರಾಹಕರು ಸಂಘಟಿತರಾಗಿ ಬಿಸಿಲು, ಧೂಳು, ಬಣ್ಣ, ಭಾಷೆ ಮತ್ತು ದುರಸ್ತಿ ಎಂಬ ಐದು ಬೇಡಿಕೆಗಳನ್ನು ಬರವಣಿಗೆಯಲ್ಲಿ ಕಂಪನಿಗಳ ಮುಂದೆಯೂ, ತೆರಿಗೆ ಹಾಗೂ ಸಾಲದ ಪ್ರಶ್ನೆಯನ್ನು ಜನಪ್ರತಿನಿಧಿಗಳ ಮುಂದೆಯೂ ಇಡಲಿ. ಮುಂದಿನ ಕ್ಯಾಮೆರಾ ಸೆಕೆಂಡಿಗೆ ಎಷ್ಟು ಚಿತ್ರ ತೆಗೆಯುತ್ತದೆ ಎಂಬುದಕ್ಕಿಂತ, ಎಷ್ಟು ಮದುವೆ ಹಂಗಾಮುಗಳನ್ನು ದಾಟುತ್ತದೆ ಎಂಬುದೇ ಅದರ ಯೋಗ್ಯತೆಯ ಅಳತೆಗೋಲಾಗಬೇಕು.